ಅಲ್ಲಾಡುವ ಪಟ

ಮೇದಪ್ಪನಿಗೆ ತಲೆ ಕೆಟ್ಟು ಹೋಗಿತ್ತು. ಸುಳ್ಯದಿಂದ ಮುಂಬಯಿಗೆ ಹೋಗಿ, ವರ್ಷಗಟ್ಟಲೆ ಯಾರ್ಯಾರದೋ ಕ್ಯಾಮರಾ ಪೆಟ್ಟಿಗೆ ಹೊತ್ತವನಿಗೆ ಅಂತೂ ಇಂತೂ ಸ್ವಂತಕ್ಕೊಂದು ಸಾಕ್ಷ್ಯಚಿತ್ರ ಸಿಕ್ಕಿತ್ತು. ದನ ಸಾಕುವ ಹೆಂಗಸರ ಬಗ್ಗೆ. ಇದು ಕೆಟ್ಟರೆ ಮತ್ತೆ ಪೆಟ್ಟಿಗೆ ಹೊರುವುದೇ ಗತಿ. ಕೊಯಿಲ ಎಂಬ ಹಳ್ಳಿಗೆ ಬರುವಷ್ಟರಲ್ಲಿ ಉಳಿದದ್ದು ಒಂದೇ ರೀಲು.

ಅಲ್ಲಿ ದನ ಸಾಕುವ ದುಗ್ಗಮ್ಮನಿಗೆ ಹಿಂದಿನ ದಿನವೇ ಬಾಯಿ ಬಡಿದುಕೊಂಡು ಹೇಳಿದ್ದ: "ದಿನಾ ಮಾಡುದನ್ನೇ ಮಾಡಿ ದುಗ್ಗಮ್ಮಕ್ಕ. ನಾವು ಇದ್ದೇವೆ ಅಂತಲೇ ಮರೆತುಬಿಡಿ."

ಬೆಳಗ್ಗೆ ಬಂದು ನೋಡಿದರೆ, ದೇವರೇ! ಧಾರೆ ಸೀರೆ, ಮುಡಿ ತುಂಬ ಮಲ್ಲಿಗೆ, ಮುಖಕ್ಕೆ ಪೌಡರು. ದನದ ಕೊರಳಿಗೂ ಅಬ್ಬಲಿಗೆ ಹೂವಿನ ಮಾಲೆ. ಸೀರೆ ಬದಲಾಯಿಸಿ ಎಂದರೆ ಕೇಳುವ ಹೆಂಗಸಲ್ಲ. ಹಾಳಾಗಿ ಹೋಗಲಿ ಎಂದುಕೊಂಡು ಅವಳು ಕೊಟ್ಟ ಕಾಪಿ ಕುಡಿದು, ಕ್ಯಾಮರಾದ ಡೊಮಿನಿಕ್‌ಗೆ ಶುರು ಮಾಡಲು ಹೇಳಿದ.

ಕ್ಯಾಮರಾ ಗುರ್ ಎಂದಿತು. ದುಗ್ಗಮ್ಮ ಕೆಚ್ಚಲಿಗೆ ಕೈ ಹಾಕಿ, ಮುಖ ಇತ್ತ ತಿರುಗಿಸಿ, ಉಸಿರು ಬಿಗಿಹಿಡಿದು ಕೂತಳು.

"ಕರೆಯಿರಿ!" ಎಂದ ಮೇದಪ್ಪ.

"ಅಲ್ಲಾಡಿದ್ರೆ ಪಟ ಹಾಳಾಗ್ತದೆ," ಎಂದಳು ತುಟಿ ಬಿಚ್ಚದೆ. ಪುತ್ತೂರಿನ ಸ್ಟುಡಿಯೋದಲ್ಲಿ ಮಗಳ ಮದುವೆ ಪಟ ತೆಗೆಸುವಾಗ ಕಲಿತ ಪಾಠ ಅದು.

ಮೇದಪ್ಪ ಕ್ಯಾಮರಾದ ಮುಂದೆ ನುಗ್ಗಿದ. "ಇದು ಆ ಪಟ ಅಲ್ಲ! ಅಲ್ಲಾಡುವ ಪಟ! ಹಾಲು ಕರೆಯಿರಿ ಮಾರಾಯ್ರೆ!"

"ಹಾಲು ಎಲ್ಲಿ ಉಂಟು? ಪೇಟೆಯವರು ಬರ್ತಾರೆ ಅಂತ ಬೇಗ ಕರೆದು ಇಟ್ಟದ್ದು. ಈಗ ನೀವು ಕುಡಿದದ್ದು ಎಂತ?"

ಮೇದಪ್ಪ ಹಣೆ ಚಚ್ಚಿಕೊಂಡ. "ದಿನಾ ಮಾಡುದನ್ನೇ ಮಾಡಿ ಅಂದಿದ್ದೆ!"

"ದಿನಾ ನೀವು ಬರುದುಂಟಾ? ಬಂದವರಿಗೆ ಹಾಲಿಲ್ಲದ ಕಾಪಿ ಕೊಡುದಾ?"

ಅವನು ಕೂಗಾಡಿದ. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಸಿಟ್ಟೆಲ್ಲ ಹೊರಗೆ ಬಂತು. ದುಗ್ಗಮ್ಮನೂ ಬಿಡಲಿಲ್ಲ, ಸರಿಯಾಗಿ ಝಾಡಿಸಿದಳು. ಕೊನೆಗೆ ಸೆರಗು ಸಿಕ್ಕಿಸಿ ಎದ್ದಳು. ಅಷ್ಟರಲ್ಲಿ ಗದ್ದಲಕ್ಕೆ ಬೆದರಿದ ಕರು ಹಗ್ಗ ಕಿತ್ತುಕೊಂಡು ಓಡಿ ಬಂತು. ಹಿಡಿಯಲು ಹೋದವಳನ್ನು ಹಾಯ್ದು ಸೆಗಣಿಯಲ್ಲಿ ಕೂರಿಸಿತು. ದನ ಕುತ್ತಿಗೆ ಚಾಚಿ ಅವಳ ಮುಡಿಯ ಮಲ್ಲಿಗೆಯನ್ನು ಜಗಿಯತೊಡಗಿತು. "ನಿನ್ನ ಹೊಟ್ಟೆಗೆ ಬೆಂಕಿ ಬೀಳ!" ಎಂದು ಬೈದವಳು, ಅದರ ಮೂತಿ ತಬ್ಬಿಕೊಂಡು ಗಹಗಹಿಸಿ ನಗತೊಡಗಿದಳು.

ಮೇದಪ್ಪ ಕ್ಯಾಮರಾದತ್ತ ತಿರುಗಿದ. ಮುಂಬಯಿಯಿಂದ ಹುಡುಕಿಕೊಂಡು ಬಂದದ್ದು ಇದನ್ನೇ. "ತೆಗಿ ಡೊಮಿನಿಕ್, ತೆಗಿ!"

"ಎಂತದು ತೆಗೆಯುದು? ರೀಲು ಮುಗಿದಾಯ್ತು. ನೀವು ನಿಲ್ಲಿಸು ಅನ್ಲೇ ಇಲ್ಲ."

"ಹಾಗಾದ್ರೆ ಜಗಳವಾದ್ರೂ ಬಂದಿರ್ಬೇಕಲ್ಲ?"

"ಬಂದಿದೆ. ಪೂರಾ ನಿಮ್ಮ ಬೆನ್ನು."

ದುಗ್ಗಮ್ಮ ಸೀರೆಯ ಸೆಗಣಿ ಕೊಡವುತ್ತ ಇಬ್ಬರನ್ನೂ ನೋಡಿದಳು. "ನಿಮಗೆ ಬೇಕಾದ್ದು ಇದಾ?" ಎಂದಳು. "ಮೊದಲೇ ಹೇಳುದಲ್ವಾ ಮಾರಾಯ್ರೆ!"