ಹೊಟ್ಟೆಯ ಬಲೂನಿಗೆ ಬೂಷ್ಟು

ನಗರದಂಚಿನ ಮಣಿಕೊಂಡಕ್ಕೆ ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಅಲ್ಲಿ ಎರಡು ಸಂಗತಿ ಬಲು ಬೇಗ ಬೆಳೆದವು: ಅಪಾರ್ಟ್‌ಮೆಂಟು ಮತ್ತು ಹೊಟ್ಟೆ. ಅಲ್ಲಿ ಕೆಲಸಕ್ಕಿದ್ದ ರಾಯಚೂರಿನ ಸೂರಜ್ ತನ್ನ ಹೊಟ್ಟೆ ಇಳಿಸಲು ಆಸ್ಪತ್ರೆಗೆ ಹೋಗಿ ಜಠರದೊಳಗೆ ನೀರು ತುಂಬಿದ ಬಲೂನು ಹಾಕಿಸಿಕೊಂಡ. ಊಟ ತಗ್ಗಿತು, ಪ್ಯಾಂಟು ಸಡಿಲವಾಯಿತು. ಆರು ತಿಂಗಳಿಗೆ ತೆಗೆಸಿ ಎಂದಿದ್ದರು ವೈದ್ಯರು. ಆದರೆ ಸೂರಜನ ಕಚೇರಿಯಲ್ಲಿ ಯಾವ ಕೆಲಸವೂ ಮೊದಲ ಗಡುವಿಗೆ ಮುಗಿದದ್ದಿಲ್ಲ. ಇದನ್ನೂ ಮುಂದೆ ಹಾಕಿದ.

ಒಂದು ಭಾನುವಾರ ಕಚೇರಿ ಕೆಲಸಕ್ಕೆ ಪುಣೆಗೆ ಹೊರಡಲು ಬ್ಯಾಗು ತುಂಬುತ್ತಿದ್ದವನು ಹೊಟ್ಟೆ ಹಿಡಿದು ಕುಳಿತ. ಬೆಳಗಿನಿಂದ ವಾಂತಿ. ತೇಗಿದರೆ ಕೊಳೆತ ಮೊಟ್ಟೆಯ ನಾತ. ಹೆಂಡತಿ ಪ್ರೇಮಾ ಮೇಲಿನ ಮನೆಯ ಡಾಕ್ಟರ್ ಲಹರಿಯನ್ನು ಕರೆತಂದಳು.

“ಬಲೂನ್ ಯಾವಾಗ ಹಾಕಿಸಿದ್ರಿ?” ಲಹರಿ ಕೇಳಿದರು.

“ಸಂಕ್ರಾಂತಿ ಮುಂದ.”

“ದಸರಾ ಮುಗೀತಲ್ರೀ!”

“ಇನ್ನೈದು ಕೆಜಿ ಇಳೀಲಿ ಅಂತ ಬಿಟ್ಟೀನಿ ಅಕ್ಕಾ. ಇದು ಬರೇ ಗ್ಯಾಸು.”

“ಬಲೂನ್ ಹಾಕಿದವ್ರಿಗೆ ಹೊಟ್ಟಿ ಆಸಿಡ್ ಕಮ್ಮಿ ಮಾಡೋ ಗುಳಿಗಿ ಕೊಟ್ಟಿರ್ತಾರ, ಅದು ಬೇಕ ಬೇಕು. ಆದ್ರ ಆಸಿಡ್ ಕಮ್ಮಿ ಇದ್ದಲ್ಲಿ ಬಲೂನ್ ಭಾಳ ದಿನ ಉಳದ್ರ ಕೆಲವರಿಗೆ ಅದರ ಮ್ಯಾಲ ಬೂಷ್ಟು ಬೆಳೀತೈತಿ.”

“ರಬ್ಬರ್ ಮ್ಯಾಲ ಬೂಷ್ಟಾ? ಏನ್ ಹಳೇ ರೊಟ್ಟಿ ಅದು?” ಸೂರಜ್ ನಗಲು ಹೋಗಿ ಮುಖ ಕಿವುಚಿದ.

ಲಹರಿ ಅವನ ಬ್ಯಾಗಿನ ನೀರಿನ ಬಾಟಲಿ ತೆಗೆದು, ಮುಚ್ಚಳದ ರಬ್ಬರ್ ಬಳೆಯನ್ನು ಉಗುರಿನಿಂದ ಎಬ್ಬಿಸಿ ಹಿಡಿದರು. ಕಪ್ಪು ಕಪ್ಪು ಚುಕ್ಕೆ.

“ಇದು ಬರೇ ನೀರು ಕಂಡದ್ದು. ನಿಮ್ಮ ಬಲೂನ್ ಸಾರು, ಅನ್ನದಾಗ ಕುಂತೈತಿ. ಬೂಷ್ಟು ಹಿಡದು ಅದು ಒಡದು ಕರುಳಿಗೆ ಜಾರಿ ದಾರಿ ಕಟ್ಟಿದ್ರ ಹೊಟ್ಟಿ ಕೊಯ್ಯಬೇಕಾಗ್ತೈತಿ. ಜೀವಕ್ಕೂ ಕುತ್ತು ಬರಬಹುದು.”

ಸೂರಜ್ ಗೋಡೆಯ ಗಡಿಯಾರ ನೋಡಿದ.

“ಆರಕ್ಕ ವಿಮಾನ ಐತಿ...” ಸೂರಜ್ ಗೊಣಗಿದ.

ಪ್ರೇಮಾ ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿದಳು. “ಹೋಗ್ರಿ. ಆಕಾಶದಾಗ ಒಡದ್ರ ಯಾರ್ನ ಕರೀತೀರಿ, ನಿಮ್ಮ ಮ್ಯಾನೇಜರ್‌ನ?” ಕಪಾಟಿನಿಂದ ಆಸ್ಪತ್ರೆಯ ಚೀಟಿ ತಂದು, ಬಲೂನು ತೆಗೆಸಬೇಕಿದ್ದ ತಾರೀಖಿನ ಮೇಲೆ ಬೆರಳಿಟ್ಟಳು. ಸೂರಜ್ ಆ ತಾರೀಖು ನೋಡಿದ.

“ಕಾರ್ ಕೀಲಿ ಎಲ್ಲೈತಿ?”

“ನೀವು ಓಡಿಸಬ್ಯಾಡ್ರಿ,” ಎಂದರು ಲಹರಿ. “ಬಲೂನ್ ತಗಿಯೂತನಕ ಒಂದು ಗುಟುಕು ನೀರೂ ಕುಡೀಬ್ಯಾಡ್ರಿ.”

ಅಂದು ರಾತ್ರಿ ಬಾಯಿಯ ಮೂಲಕ ಹೊರತೆಗೆದ ಬಲೂನನ್ನು ಆಸ್ಪತ್ರೆಯ ವೈದ್ಯರು ತಟ್ಟೆಯಲ್ಲಿಟ್ಟು ತೋರಿಸಿದರು. ಮೈತುಂಬ ಬಿಳಿ, ಕಪ್ಪು ಬೂಷ್ಟು. ಪುಣ್ಯಕ್ಕೆ ಒಡೆದಿರಲಿಲ್ಲ. ಪ್ರೇಮಾ ಮೊಬೈಲಿನಲ್ಲಿ ಫೋಟೋ ಹಿಡಿದಳು.

“ಅದನ್ನ ಅಳಿಸಿಬಿಡು ಮಾರಾಯ್ತಿ,” ಎಂದ ಸೂರಜ್ ಮರುದಿನ, ಗಂಜಿ ಕುಡಿಯುತ್ತ.

“ಯಾಕ? ಫ್ರಿಜ್ಜಿನ ಮ್ಯಾಲ ಅಂಟಸ್ತೀನಿ. ಊಟ ತಾನ ಕಮ್ಮಿ ಆಗ್ತೈತಿ.”

ನಿಮಗೋ ನಿಮ್ಮವರಿಗೋ ಇಂಥ ಬಲೂನು ಹಾಕಿದ್ದರೆ, ವೈದ್ಯರು ಹೇಳಿದ ದಿನಕ್ಕೇ ತೆಗೆಸಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ನಾತದ ತೇಗು, ನಿಲ್ಲದ ವಾಂತಿ, ಹೊಟ್ಟೆನೋವು ಕಂಡರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೊರಡಿ. ತೂಕದ ಯಂತ್ರ ಕೆಜಿ ತೋರಿಸುತ್ತದೆ. ಒಳಗೆ ಬೆಳೆಯುವುದನ್ನು ತೋರಿಸುವುದಿಲ್ಲ.