ಹದಿನಾರರ ಲೆಕ್ಕ

ಅಪ್ಪ ಬಿಳಿ ಹೊದಿಕೆಯನ್ನು ಮೂರನೆಯ ಸಲ ಎಳೆದು ಅಮ್ಮನ ಬಲಗೈ ಮುಚ್ಚಿದ. ಹೊದಿಕೆ ಜಾರಿತು. ತೋರುಬೆರಳು, ನಡುಬೆರಳು ಇಲ್ಲದ ಆ ಕೈ ಮತ್ತೆ ಹೊರಗೆ ಬಂತು.

"ಏ ಎಡಚಿ, ಒಳಗಿಂದ ಒಂದು ಪಿನ್ನು ತಗೊಂಡ್ ಬಾ. ಬಂದೋರ ಕಣ್ಣೆಲ್ಲ ಇದರ ಮೇಲೇ."

ಮಗಳು ಎಡಗೈಯಲ್ಲಿ ಪಿನ್ನು ತಂದುಕೊಟ್ಟಳು. ಅವಳ ಬಲಗೈ ಸ್ವೆಟರಿನ ಜೇಬಿನಲ್ಲಿತ್ತು. ಇಪ್ಪತ್ತೆರಡು ವರ್ಷಗಳಿಂದ ಆ ಕೈಗೆ ಜೇಬೇ ಮನೆ. ಬರೆಯುವುದು, ಉಣ್ಣುವುದು, ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವುದು ಎಲ್ಲ ಎಡಗೈಯಲ್ಲೇ.

ಮನೆಯ ಮುಂದಿನ ಕೋಣೆಯೇ ಅಚ್ಚುಕೂಟ. ಕಾಗದದ ಕಟ್ಟುಗಳನ್ನು ಗೋಡೆಗೆ ಸರಿಸಿ ಅಮ್ಮನಿಗೆ ಜಾಗ ಮಾಡಿದ್ದರು. ಮೂಲೆಯಲ್ಲಿ ಕಟಿಂಗ್ ಮಷಿನ್ ನಿಂತಿತ್ತು. ಅಲಗನ್ನು ಇಳಿಸುವ ಅದರ ಉದ್ದನೆಯ ಕಬ್ಬಿಣದ ಹಿಡಿಗೆ ಯಾರೋ ಛತ್ರಿ ನೇತುಹಾಕಿದ್ದರು. ಅಮ್ಮ ನಿನ್ನೆ ಬೆಳಿಗ್ಗೆ ಇದೇ ಕೋಣೆಯಲ್ಲಿ ಯಾರದೋ ಪುಸ್ತಕದ ಕರಡು ತಿದ್ದುತ್ತಾ ಮೇಜಿನ ಮೇಲೆ ತಲೆಯಿಟ್ಟವಳು ಎದ್ದಿರಲಿಲ್ಲ. ಹೃದಯ ನಿಂತಿತ್ತು.

"ಒಂದು ದಿನ ಕೈ ಎತ್ತಿದೋನಲ್ಲ ನಾನು," ಅಪ್ಪ ಪಕ್ಕದ ಮನೆಯವರಿಗೆ ಹೇಳುತ್ತಿದ್ದ. "ಮಷಿನ್ ಮಾಡಿದ್ದಕ್ಕೆ ಮನುಷ್ಯ ಏನ್ ಮಾಡ್ತಾನೆ, ಹೇಳಿ?"

ಮಗಳು ಜೇಬಿನೊಳಗೆ ಮುಷ್ಟಿ ಬಿಗಿದಳು. ಮಷಿನ್ ಅಲ್ಲ, ನಾನು, ಎಂದು ಎಂದಿನಂತೆ ಮನಸ್ಸಿನಲ್ಲೇ ತಿದ್ದಿದಳು.

* * *

ಅವಳಿಗೆ ಆಗ ಆರು ವರ್ಷ. ನೆನಪಿರುವುದು ಇಷ್ಟೇ: ಅಮ್ಮನ ಕೂಗು, ಬಿಳಿ ಕಾಗದದ ಮೇಲೆ ಹರಡುತ್ತಿದ್ದ ರಕ್ತ, ಅಪ್ಪ ತನ್ನನ್ನು ಎತ್ತಿ ಹಿತ್ತಲಿಗೆ ಒಯ್ದದ್ದು. ಅಲ್ಲಿ ಅವಳ ಬಲಗೈಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜುತ್ತಾ ಅಪ್ಪ ಹೇಳಿದ್ದ:

"ಆಟ ಆಡ್ತಾ ಹಿಡಿ ಎಳೆದುಬಿಟ್ಟೆಯಲ್ಲೇ. ಅಮ್ಮ ಮಷಿನ್ ತಾನಾಗೇ ಬಿತ್ತು ಅಂದ್ಕೊಂಡಿದ್ದಾಳೆ. ನೀನು ಅಂತ ಗೊತ್ತಾದ್ರೆ ಎದೆ ಒಡೆದು ಸಾಯ್ತಾಳೆ. ಬಾಯಿ ಬಿಡಬೇಡ."

ಅವಳು ಬಿಡಲಿಲ್ಲ. ಮರುದಿನದಿಂದ ಬಳಪ ಎಡಗೈಗೆ ಬಂತು. ಅಮ್ಮ ಆಸ್ಪತ್ರೆಯಿಂದ ಬಂದು, "ಇದ್ಯಾವಾಗ ಎಡಚಿ ಆದ್ಯೇ ನನ್ನ ಬಂಗಾರಿ?" ಎಂದು ಮುದ್ದಿಸಿದಳು. ಹೆಸರು ಹಾಗೇ ನಿಂತಿತು.

* * *

ಹತ್ತು ಗಂಟೆಗೆ ಮೂವರು ಒಟ್ಟಿಗೆ ಬಂದರು: ಬಸ್ ಕಂಡಕ್ಟರ್, ಆಸ್ಪತ್ರೆಯ ನರ್ಸ್, ನಿವೃತ್ತರಾದ ಲೆಕ್ಕದ ಮೇಷ್ಟ್ರು. ಮೂವರೂ ಒಂದೊಂದು ಪುಸ್ತಕ ಬರೆದವರು, ಸ್ವಂತ ದುಡ್ಡಿನಲ್ಲಿ ಇಲ್ಲೇ ಅಚ್ಚು ಹಾಕಿಸಿದವರು. ಹೂವಿನ ಬದಲು ಅದೇ ಪುಸ್ತಕಗಳನ್ನು ತಂದಿದ್ದರು.

"ನನ್ನ ಕವನಕ್ಕೆ ಬಂಗಾರದ ಅಕ್ಷರ ಬೇಕು ಅಂದಿದ್ದೆ," ಎಂದ ಕಂಡಕ್ಟರ್. "ಒಳಗೆ ಬಂಗಾರ ಇದ್ರೆ ಹೊರಗೆ ಕಪ್ಪು ಸಾಕಪ್ಪ ಅಂದ್ರು ಅಕ್ಕ. ಹೆಂಡತಿ ಒಡವೆ ಉಳೀತು."

"ಅವರ ಮಾತು ನೀವು ಕೇಳಿದ್ರಿ. ನಾನು ಕೇಳಲಿಲ್ಲ," ಎಂದರು ಮೇಷ್ಟ್ರು.

* * *

ಮೇಷ್ಟ್ರು ಹಸ್ತಪ್ರತಿಯನ್ನು ಎದೆಗವಚಿಕೊಂಡು ಕೂತ ದಿನ ಅಮ್ಮ ಎಂಟು ಬೆರಳಲ್ಲಿ ಟೈಪು ಮಾಡುತ್ತಲೇ ಹೇಳಿದ್ದಳು:

"ದುಡ್ಡು ಕಡಿಮೆ, ಆಸೆ ಜಾಸ್ತಿ. ಮೊದಲ ಪುಸ್ತಕ ತಾನೇ? ಕೇಳಿ ಹಾಗಾದ್ರೆ. ಮುನ್ನುಡಿಗೆ ಅಂತ ದೊಡ್ಡೋರ ಬಾಗಿಲು ಕಾಯಬೇಡಿ, ವರ್ಷ ಹೋಗುತ್ತೆ. ಅಚ್ಚಿಗೆ ಕೊಡೋ ಮುಂಚೆ ನಿಮ್ಮನ್ನ ಕಂಡ್ರೆ ಆಗದೋರಿಗೆ ಓದೋಕೆ ಕೊಡಿ. ತಪ್ಪು ಹುಡುಕೋದ್ರಲ್ಲಿ ಅವರಷ್ಟು ಶ್ರದ್ಧೆ ಯಾರಿಗೂ ಇರಲ್ಲ. ಕಾಸೂ ಕೇಳಲ್ಲ."

"ಅದಕ್ಕೆ ನಮ್ಮನೆಯೋಳೇ ಇದ್ದಾಳೆ ಬಿಡಿ."

"ಪ್ರತಿ ನೂರೇ ಹಾಕಿಸಿ."

"ನೂರಾ? ನನ್ನ ಹಳೇ ಶಿಷ್ಯರೇ ಐನೂರು ಜನ ಇದ್ದಾರಲ್ಲಮ್ಮ!"

"ಲೆಕ್ಕದ ಮೇಷ್ಟ್ರು ಅಂದ್ರೆ ಇಷ್ಟ ಪಟ್ಟೋರು ಅದರಲ್ಲಿ ಎಷ್ಟು ಜನ ಸಾರ್?"

ಮೇಷ್ಟ್ರು ನಕ್ಕರು. ಐನೂರೇ ಹಾಕಿಸಿದರು.

"ಇನ್ನೊಂದು," ಎಂದಳು ಅಮ್ಮ. "ಪುಸ್ತಕ ಬೆಳೆಯೋದು ಹದಿನಾರರ ಲೆಕ್ಕದಲ್ಲಿ. ಒಂದು ಫಾರಂ ಅಂದ್ರೆ ಹದಿನಾರು ಪುಟ. ನಿಮ್ಮದು ನೂರ ಹನ್ನೊಂದಕ್ಕೆ ಮುಗಿಯುತ್ತೆ. ನೂರ ಹನ್ನೆರಡು ಖಾಲಿ. ಆ ಖಾಲಿ ಪುಟಕ್ಕೂ ನೀವು ದುಡ್ಡು ಕೊಟ್ಟಿರ್ತೀರ. ಅದನ್ನ ನನಗೆ ಬಿಡಿ. ಸಣ್ಣದೊಂದು ಕತೆ ಹಾಕ್ತೀನಿ. ಸಲಹೆ ಕೊಟ್ಟಿದ್ದಕ್ಕೆ ಅದೇ ನನ್ನ ಕೂಲಿ."

ಪುಸ್ತಕ ಕೈಗೆ ಬಂದಾಗ ಮೇಷ್ಟ್ರು ಕೊನೆಯ ಪುಟ ತೆಗೆದು ರೇಗಿದ್ದರು. "ಏನಮ್ಮಾ, ನೂರ ಹನ್ನೊಂದಾದ ಮೇಲೆ ಮೂರು ಅಂತ ಹಾಕಿದ್ದೀಯ? ಲೆಕ್ಕದ ಮೇಷ್ಟ್ರ ಪುಸ್ತಕದಲ್ಲೇ ತಪ್ಪು ಲೆಕ್ಕ!"

"ಅದು ಇರಲಿ ಸಾರ್. ಅದು ನನ್ನ ಲೆಕ್ಕ."

ಹಿಂದೆ ಕಟಿಂಗ್ ಮಷಿನ್ ದಡ್ ದಡ್ ಎಂದು ಬೀಳುತ್ತಿತ್ತು. ಅಪ್ಪ ಪುಸ್ತಕಗಳನ್ನು ಎಣಿಸುತ್ತಿದ್ದ, ಕತ್ತರಿಸುತ್ತಿದ್ದ, ಕಟ್ಟು ಕಟ್ಟುತ್ತಿದ್ದ. ಓದುತ್ತಿರಲಿಲ್ಲ.

* * *

"ಅಕ್ಕನದೇ ಒಂದು ಪುಟ ನನ್ನ ಪುಸ್ತಕದ ಕೊನೇಲಿದೆ. ಓದ್ಲಾ?" ಎಂದಳು ನರ್ಸ್. ಪುಟ ತೆಗೆದವಳು, ಕೆಳಗಿನ ಅಂಕಿ ನೋಡಿ ತಡೆದಳು. "ನನ್ನದು ಎಪ್ಪತ್ತೊಂಬತ್ತಕ್ಕೆ ಮುಗಿಯುತ್ತೆ. ಆಮೇಲೆ ಎರಡು ಅಂತಿದೆ. ಅಚ್ಚಿನ ತಪ್ಪು ಅಂದ್ಕೊಂಡಿದ್ದೆ."

"ನನ್ನದರಲ್ಲಿ ಮೂರು," ಎಂದರು ಮೇಷ್ಟ್ರು ನಿಧಾನವಾಗಿ.

ಕಂಡಕ್ಟರ್ ತನ್ನ ಪುಸ್ತಕ ಬಿಡಿಸಿದ. "ಇಲ್ಲಿ ಒಂದು," ಎಂದು ಗಟ್ಟಿಯಾಗಿ ಓದಿದ: "ಅವಳು ಬರೆಯುವುದನ್ನು ಅವನು ಮೂರು ವರ್ಷ ಕಂಡಿರಲಿಲ್ಲ. ಕಂಡ ದಿನ ಹಾಳೆಗಳನ್ನೆಲ್ಲ ಒಲೆಗೆ ಹಾಕಿಸಿದ, ಅವಳ ಕೈಯಿಂದಲೇ. ತಡವಾದ ಹಾಳೆಗೆ ಒಂದೊಂದು ಒದೆ."

ಅಪ್ಪ ಕುರ್ಚಿಯಿಂದ ತಿರುಗಿದ.

ಎರಡನೆಯದನ್ನು ಓದಿದ ನರ್ಸಿನ ದನಿ ತಗ್ಗಿತ್ತು. "ಒಂದು ಹಾಳೆಯನ್ನು ಅವಳು ಮುಷ್ಟಿಯಲ್ಲಿ ಉಳಿಸಿಕೊಂಡಳು. ಬಿಡು ಅಂದ. ಬಿಡಲಿಲ್ಲ. ಕೂದಲು ಹಿಡಿದು ಕಟಿಂಗ್ ಮಷಿನ್ ತನಕ ಎಳೆದುಕೊಂಡು ಹೋದ. ಆ ಕೈಯನ್ನು ಅಲಗಿನ ಕೆಳಗಿಟ್ಟು ಒತ್ತಿ ಹಿಡಿದ."

"ಹೆಣದ ಮುಂದೆ ಕತೆ ಓದ್ತೀರೇನ್ರೀ? ಮುಚ್ಚಿ!" ಅಪ್ಪ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಮೇಷ್ಟ್ರೇ," ಎಂದಳು ಮಗಳು. "ಮೂರು ಓದಿ."

ಮೇಷ್ಟ್ರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅಪ್ಪ ಪುಸ್ತಕ ಕಿತ್ತುಕೊಂಡು ಅವರ ಮುಖಕ್ಕೆ ಗುದ್ದಿದ. ಮೇಷ್ಟ್ರು ಕಾಗದದ ಕಟ್ಟುಗಳ ಮೇಲೆ ಬಿದ್ದರು. ಅಪ್ಪ ಪುಸ್ತಕವನ್ನು ನಡುವೆ ಸೀಳಿ, ಆ ಸೀಳನ್ನೂ ಸೀಳಿ, ಚೂರುಗಳನ್ನು ತುಳಿದ.

ಮೇಷ್ಟ್ರು ಬಿದ್ದಲ್ಲಿಂದಲೇ ಕೈಚೀಲಕ್ಕೆ ಕೈ ಹಾಕಿ ಇನ್ನೊಂದು ಪ್ರತಿ ತೆಗೆದರು. ತುಟಿಯ ರಕ್ತ ಒರೆಸಿಕೊಂಡರು.

"ಹರೀರಿ ಯಜಮಾನ್ರೇ. ಚೆನ್ನಾಗಿ ಹರೀರಿ. ನನ್ನ ಮಂಚದ ಕೆಳಗೆ ಇನ್ನೂ ನಾನೂರ ಅರವತ್ತು ಇದೆ."

ಯಾರೂ ನಗಲಿಲ್ಲ. ಅವರು ಓದಿದರು:

"ಹಿಡಿ ಎಳೆದದ್ದು ಅವನು. ಮಗು ಆಗ ಬಾಗಿಲ ಬಳಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿತ್ತು, ಎಡದ್ದನ್ನು ಬಲಗಾಲಿಗೆ. ಅದು ತಲೆ ಎತ್ತಿ ನೋಡುವ ಮುಂಚೆ ಎಲ್ಲ ಮುಗಿದಿತ್ತು. ಮಷಿನ್ ತಾನಾಗಿ ಬಿತ್ತು ಎಂದು ಅವಳು ಮಗುವಿಗೆ ಹೇಳಿದಳು. ಮಗುವಿಗೊಬ್ಬ ಅಪ್ಪ ಇರಲಿ ಎಂದು."

ಚಪ್ಪಲಿ. ಬಾರು ಕಚ್ಚುತ್ತಿದ್ದ, ತಪ್ಪು ಕಾಲಿನ ಕೆಂಪು ಚಪ್ಪಲಿ. ಹಿತ್ತಲಿನ ನಲ್ಲಿಯ ಕೆಳಗೆ ಕೈಯಷ್ಟೇ ಅಲ್ಲ, ಆ ಚಪ್ಪಲಿಗಳೂ ನೆನೆದಿದ್ದವು. ಇಷ್ಟು ವರ್ಷ ಅದು ಅವಳಿಗೆ ನೆನಪಾಗಿರಲೇ ಇಲ್ಲ.

"ಅಪ್ಪಾ, ಹಿಡಿ ಎಳೆದಿದ್ದು ಯಾರು?"

"ಹಾಕ್ತೀನಿ ನೋಡು ಒಂದು..."

ಅವನ ಕೈ ಅವಳ ಕೆನ್ನೆಯತ್ತ ಬೀಸಿತು, ನಡುವೆ ನಿಂತಿತು. ಜೇಬಿನಿಂದ ಹೊರಬಂದ ಬಲಗೈ ಅವನ ಮಣಿಕಟ್ಟನ್ನು ಹಿಡಿದಿತ್ತು. ಅವನು ಕೊಸರಿದ. ಇನ್ನೊಂದು ಕೈಯಿಂದ ಅವಳ ಭುಜಕ್ಕೆ ಎರಡೇಟು ಹಾಕಿದ. ಅವಳ ಉಗುರುಗಳು ಅವನ ಚರ್ಮದೊಳಗೆ ಇಳಿದವು.

"ಬಿಡು," ಎಂದ.

ಅವಳು ಬಿಡಲಿಲ್ಲ. ಕಂಡಕ್ಟರ್ ಬಂದು ಅಪ್ಪನನ್ನು ಹಿಂದಿನಿಂದ ತಬ್ಬಿ, ಬಸ್ಸಿನಿಂದ ಕುಡುಕನನ್ನು ಇಳಿಸುವಂತೆ ಬೀದಿಗೆ ಇಳಿಸುವವರೆಗೂ ಬಿಡಲಿಲ್ಲ.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

"ಎತ್ತೋಣವೇನಮ್ಮಾ?" ಎಂದರು ಮೇಷ್ಟ್ರು.

"ಒಂದು ನಿಮಿಷ ಸಾರ್."

ಅವಳು ಅಮ್ಮನ ಪಕ್ಕ ಕೂತು ಹೊದಿಕೆಯ ಪಿನ್ನು ಕಿತ್ತಳು. ಬಿಸಿಲು ಕಾಣದ ಅವಳ ಬಲಗೈ ಎಡಗೈಗಿಂತ ಬೆಳ್ಳಗಿತ್ತು. ಅದನ್ನು ಅಮ್ಮನ ಕೈಯ ಮೇಲಿಟ್ಟಳು. ಅವಳ ಎರಡು ಬೆರಳು ಅಲ್ಲಿದ್ದ ಖಾಲಿ ಜಾಗದಲ್ಲಿ ಸರಿಯಾಗಿ ಕೂತವು.