ಎಳೆನೆತ್ತಿ

"ಉಸಿರು ಬಿಡು. ಹೊಟ್ಟಿ ಬಿಗಿ ಹಿಡೀಬ್ಯಾಡ," ಎಂದರು ಅಬೇದಾ ಡಾಕ್ಟರು.

ಸತ್ಯವ್ವ ಉಸಿರು ಬಿಟ್ಟಳು. ಹೊಟ್ಟೆ ಮಾತ್ರ ಸಡಿಲವಾಗಲಿಲ್ಲ. ವಿಜಾಪುರದ ಆ ಹೆರಿಗೆ ದವಾಖಾನೆಯ ಮಂಚದ ಮೇಲೆ ಅಂಗಾತ ಮಲಗಿ ಅವಳು ಮಾಳಿಗೆಯ ತೊಲೆಗಳನ್ನು ನೋಡುತ್ತಿದ್ದಳು. ಮನಸ್ಸೆಲ್ಲ ಡಾಕ್ಟರರ ಬೆರಳುಗಳ ಮೇಲಿತ್ತು. ಅವು ಎಲ್ಲಿ ನಿಲ್ಲುತ್ತವೆ, ಎಲ್ಲಿ ಮತ್ತೆ ಹುಡುಕುತ್ತವೆ ಎಂದು ಚರ್ಮದಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಏಳು ತಿಂಗಳು ತುಂಬಿತ್ತು. ಬಾಗಿಲ ಬಳಿ ಅತ್ತೆ ಹುಲಿಗೆವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಬೆಳಗಿನ ಮೋಟಾರಿಗೆ ಟಿಕೋಟಾದಿಂದ ಬಂದು, ಹಟ ಹಿಡಿದು ಸೊಸೆಯನ್ನು ಇಲ್ಲಿಗೆ ಕರೆತಂದವಳು ಅವಳೇ.

"ಚೊಚ್ಚಲ ಏನು?"

ಸತ್ಯವ್ವ ಅತ್ತೆಯ ಕಡೆ ನೋಡಿದಳು. ಹುಲಿಗೆವ್ವ ಎರಡು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದಳು. "ಅಲ್ರಿ ಬಾಯಾರ. ಮೊದಲಿಂದು ಉಳೀಲಿಲ್ರಿ. ಅದಕ್ಕ ತಲೀನ ಇರಲಿಲ್ರಿ. ಮಾರಿ ಇತ್ತು, ಹುಬ್ಬಿನ ಮ್ಯಾಲ ಏನೂ ಇರಲಿಲ್ಲ."

ಡಾಕ್ಟರರ ಕೈ ಒಂದು ಗಳಿಗೆ ಹೊಟ್ಟೆಯ ಮೇಲೆ ಹಾಗೇ ನಿಂತಿತು.

ಆ ಕೂಸು ಹುಟ್ಟಿದ್ದು ಬಬಲೇಶ್ವರದಲ್ಲಿ, ಸತ್ಯವ್ವನ ತವರಿನಲ್ಲಿ. ಸೂಲಗಿತ್ತಿ ಪೀರಾಂಬಿ ಯಾರಿಗೂ ಏನೂ ಹೇಳದೆ, ತೊಳೆದ ಬಿಳಿ ಅರಿವೆಯನ್ನು ಕೂಸಿನ ಹುಬ್ಬಿನವರೆಗೆ ಕುಲಾಯಿಯಂತೆ ಸುತ್ತಿ ಅವಳ ತೋಳಿಗೆ ಕೊಟ್ಟಿದ್ದಳು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅದು ಹೋಯಿತು. ಗಂಡ ಸಾಬಣ್ಣ ತಾವಿದ್ದ ಇಬ್ರಾಹಿಂಪುರದಿಂದ ಬಂದು ತಾನೇ ಕುಣಿ ತೋಡಿದ.

ಸಾಬಣ್ಣ ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗಿನವನು. ೧೯೫೭ರಲ್ಲಿ ಕೇರಿಯ ನಾಲ್ಕು ಜನರ ಜೊತೆ ಸೊಲ್ಲಾಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಮನೆಯ ಜಗುಲಿಯ ಮೇಲಿನ ದೇವರುಗಳನ್ನು ಇಳಿಸಿ ಅಲ್ಲಿ ಬುದ್ಧನ ಪಟ ಇಟ್ಟವನು. ಸತ್ಯವ್ವ ಮೊದಲ ಬಸುರಿಯಾಗಿದ್ದಾಗ ಒಂದು ಗ್ರಹಣ ಬಂತು. ಓಣಿಯ ಬಸುರಿಯರೆಲ್ಲ ಕದ ಮುಚ್ಚಿಕೊಂಡು, ಕೈಕಾಲು ಮಡಚದೆ ಮಲಗಿದ್ದರು. ಸಾಬಣ್ಣ ನಕ್ಕು, "ಸೂರ್ಯಾನ ಮ್ಯಾಲ ನೆಳ್ಳು ಬಿದ್ರ ನಮ್ಮ ಕೂಸಿಗೇನಾಕ್ಕೈತಿ? ಏಳು, ಉಣ್ಣೂಣು," ಎಂದಿದ್ದ. ಅವಳು ಈಳಿಗೆಮಣೆಯ ಮೇಲೆ ಕುಳಿತು ಉಳ್ಳಾಗಡ್ಡಿ ಹೆಚ್ಚಿದ್ದಳು. ಇಬ್ಬರೂ ಅಂಗಳದಲ್ಲೇ ಕುಳಿತು ಉಂಡಿದ್ದರು.

ಕೂಸನ್ನು ಮಣ್ಣು ಮಾಡಿ ಬಂದ ದಿನ ಹುಲಿಗೆವ್ವ ಮಗನಿಗೆ ಒಂದೇ ಮಾತು ಆಡಿದಳು. "ನೀ ದೇವರನ್ನ ಬಿಟ್ಟಿ. ದೇವರು ಕೂಸಿನ ತಲಿ ಮಾಡೂದು ಬಿಟ್ಟ." ಅಂದಿನಿಂದ ಮನೆಯಲ್ಲಿ ಅವನ ಮಾತು ಕಡಿಮೆಯಾಯಿತು, ನಗು ನಿಂತೇ ಹೋಯಿತು. ಸತ್ಯವ್ವ ಅವನನ್ನು ದೂರಲಿಲ್ಲ. ಆದರೆ ಈಳಿಗೆಯ ಮುಂದೆ ಕುಳಿತಾಗಲೆಲ್ಲ ಅವಳು ಉಳ್ಳಾಗಡ್ಡಿಯನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತಿದ್ದಳು.

"ಗ್ರಹಣದಾಗ ಹೆಚ್ಚಿದ್ಳರಿ," ಎಂದಳು ಹುಲಿಗೆವ್ವ ಈಗ. "ನನ್ನ ಮಗ ಹೆಚ್ಚಂದ, ಈಕಿ ಹೆಚ್ಚಿದ್ಳು."

ಡಾಕ್ಟರು ಮಂಚದ ಅಂಚಿಗೆ ಕುಳಿತರು. "ಆವಾಗ ಎಷ್ಟರಾಗ ಇದ್ದಿ?"

"ಐದರಾಗರಿ," ಎಂದಳು ಸತ್ಯವ್ವ. "ಕೂಸು ಆಡಾಕ ಹತ್ತಿತ್ತು."

"ಹಂಗಾರ ಚಲೋತ್ನಾಗ ಕೇಳು. ಮೊದಮೊದಲು ಕೂಸಿನ ಬೆನ್ನಿನ ಉದ್ದಕ್ಕ ಒಂದು ಎಳಿ ಎಲಿ ಹಾಸಿದಂಗ ಇರತೈತಿ. ಅದು ಎರಡೂ ಕಡಿಯಿಂದ ಮಡಚಿಕೊಂಡು, ಅಂಚಿಗೆ ಅಂಚು ಕೂಡಿ ಕೊಳವಿ ಆಗತೈತಿ. ಕೊಳವಿ ಮ್ಯಾಲಿನ ತುದಿ ಮೆದುಳಾಗತೈತಿ, ಕೆಳಗಿಂದು ಬೆನ್ನಾಗಿನ ನರ. ನಿನ್ನ ಕೂಸಿಂದು ಮ್ಯಾಲಿನ ತುದಿ ಕೂಡಲಿಲ್ಲ. ಅದು ಕೂಡಲಿಲ್ಲಂದ್ರ ಮ್ಯಾಲ ಬುರುಡಿನೂ ಕಟ್ಟೂದಿಲ್ಲ. ಇದೆಲ್ಲಾ ಆಗೂದು ಮೊದಲನೇ ತಿಂಗಳದಾಗ. ಮುಟ್ಟು ನಿಂತೈತಿ ಅನ್ನೂದು ನಿನಗ ಖಾತ್ರಿ ಆಗೂದ್ರೊಳಗ."

ಸತ್ಯವ್ವ ಆ ಮಾತನ್ನು ನಿಧಾನವಾಗಿ ಒಳಗೆ ಎಳೆದುಕೊಂಡಳು. "ಅಂದ್ರ, ಗ್ರಹಣ ಬರೂದ್ರಾಗ..."

"ಆಗೂದು ಆಗಿ ಹೋಗಿತ್ತು. ನೀ ಹೆಚ್ಚಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ."

"ಮತ್ತ ಯಾಕ ಹಂಗಾತ್ರಿ?" ಎಂದು ಹುಲಿಗೆವ್ವ ಕೇಳಿದಳು. ಕೇಳಿದ ರೀತಿ ಜಗಳ ತೆಗೆಯುವಂತೆ ಇತ್ತು.

"ನಮಗೂ ಇನ್ನೂ ಗೊತ್ತಾಗಿಲ್ರಿ ಯವ್ವಾ. ಯಾವ ದೇವರ ಮನ್ಯಾಗೂ ಆಗತೈತಿ, ನಮ್ಮ ಮಂದ್ಯಾಗೂ ಆಗತೈತಿ."

ಹೊರಗೆ ಯಾರೋ ಬಕೆಟ್ಟು ಎಳೆದ ಸದ್ದಾಯಿತು. ಸತ್ಯವ್ವ ತೊಲೆಯಿಂದ ಕಣ್ಣು ತೆಗೆದು ಡಾಕ್ಟರರ ಮುಖ ನೋಡಿದಳು. ಯಾರನ್ನೂ ಕೇಳದೆ ಇಟ್ಟುಕೊಂಡಿದ್ದ ಮಾತೊಂದು ಅವಳಲ್ಲಿತ್ತು.

"ಬಾಯಾರ, ಅದು ನನ್ನ ಕೈಬಟ್ಟು ಹಿಡಕೊಂಡಿತ್ರಿ. ಗಟ್ಟಿ ಹಿಡಿದಿತ್ತು. ಅದಕ್ಕ ಭಾಳ ನೋವಾಗತಿತ್ತೇನ್ರಿ?"

ಅಬೇದಾ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ನರ ಒಂದಕ್ಕೊಂದು ಹತ್ತಿಕೊಂಡಿರೂದಿಲ್ಲ. ನಡುವ ಕಣ್ಣಿಗೆ ಕಾಣದಷ್ಟು ಸಂದಿ ಇರತೈತಿ. ಒಂದು ನರ ತನ್ನ ತುದಿಯಿಂದ ಒಂಚೂರು ರಸ ಬಿಡತೈತಿ. ಆಚಿ ಕಡೀದು ಅದನ್ನ ತಗೊಂಡು ಸುದ್ದಿ ಮುಂದ ಮುಟ್ಟಸತೈತಿ. ಹಿಂಗ ಒಂದರಿಂದ ಒಂದಕ್ಕ. ನೀ ಅದರ ಅಂಗೈ ಮುಟ್ಟಿದಿ. ಆ ಸುದ್ದಿ ಕೆಳಗಿನ ನರದ ತನಕ ಹೋಗಿ, ಅಲ್ಲಿಂದನ ಹೊಳ್ಳಿ ಬಂತು, ಕೈ ಮಡಚಿತು. ನೋವು ಗೊತ್ತಾಗಬೇಕಂದ್ರ ಸುದ್ದಿ ಇನ್ನೂ ಮ್ಯಾಲ ಹೋಗಬೇಕು, ಮೆದುಳಿಗೆ. ಅದಕ್ಕ ಆ ಮೆದುಳು ಇರಲಿಲ್ಲ. ನಾವು ತಿಳಕೊಂಡಷ್ಟರಾಗ, ನಿನ್ನ ಕೂಸಿಗೆ ನೋವು ಗೊತ್ತಾಗಿಲ್ಲ."

"ನನ್ನ ಗುರ್ತೂ ಹತ್ತಿರಲಿಕ್ಕಿಲ್ಲ ಹಂಗಾರ."

"ಹತ್ತಿರಲಿಕ್ಕಿಲ್ಲ. ನಿನಗ ಸುಳ್ಳು ಹೇಳಿ ಕಳಸಾಂಗಿಲ್ಲ ನಾ."

ಮಲಗಿದ್ದ ಸತ್ಯವ್ವನ ಕಣ್ಣೀರು ಎರಡೂ ಕಡೆ ಇಳಿದು ಕಿವಿಯೊಳಗೆ ಹೋಯಿತು. ಅವಳು ಒರೆಸಿಕೊಳ್ಳಲಿಲ್ಲ. ಡಾಕ್ಟರರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹೊಟ್ಟೆ ಸಡಿಲಾಗಿತ್ತು. ಅಬೇದಾ ಅವಳ ಕೈಯನ್ನು ಹಾಗೇ ಒಯ್ದು ಕಿಬ್ಬೊಟ್ಟೆಯ ಮೇಲೆ ಒತ್ತಿ ಇಟ್ಟರು.

"ಇಲ್ಲಿ ಹಿಡಿ. ಇನ್ನೊಂಚೂರು ಒತ್ತು. ದುಂಡಗ, ಗಟ್ಟ್ಯಾಗಿ ಹತ್ತತೈತಿ?"

"ಹತ್ತತೈತ್ರಿ."

"ಅದು ತಲಿ."

ಸತ್ಯವ್ವ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅತ್ತಿ, ನೀವೂ ನೋಡ್ರಿ," ಎಂದಳು. ಹುಲಿಗೆವ್ವ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಹೊಟ್ಟೆಯ ಮೇಲೆ ಕೈಯಿಟ್ಟು, ಒತ್ತಿ, ಕಣ್ಣು ಮುಚ್ಚಿದಳು. ಅವಳ ತುಟಿ ಏನೋ ಅಂದಿತು, ದನಿ ಹೊರಬರಲಿಲ್ಲ.

ಅತ್ತೆ ಸೊಸೆ ಟಾಂಗಾದಲ್ಲಿ ಇಬ್ರಾಹಿಂಪುರಕ್ಕೆ ಮರಳಿದರು. ಸಂಜೆ ಸಾಬಣ್ಣ ಹಳಿಯ ಕೆಲಸ ಮುಗಿಸಿ ಬಂದು, ಕಾಲು ತೊಳೆದು, ಗಂಗಾಳದ ಮುಂದೆ ಕುಳಿತ. ತಾಯಿಯನ್ನು ನೋಡಿ ಅವನ ಹೆಗಲು ಕುಗ್ಗಿತು. ಡಾಕ್ಟರು ಏನೆಂದರು ಎಂದು ಅವನು ಕೇಳಲಿಲ್ಲ. ಕೇಳುವ ಧೈರ್ಯ ಅವನಿಗಿರಲಿಲ್ಲ. ಹುಲಿಗೆವ್ವ ಬಿಸಿ ರೊಟ್ಟಿ ತಂದು ಹಾಕಿ, ಮೇಲೆ ಬೆಣ್ಣೆ ಇಟ್ಟು, ಅಲ್ಲೇ ನಿಂತಳು.

"ಸಾಬಾ, ಗ್ರಹಣಕ್ಕೂ ಅದಕ್ಕೂ ಸಂಬಂಧ ಇಲ್ಲಂತ. ಬಾಯಾರು ಬಿಡಿಸಿ ಹೇಳಿದ್ರು. ನಿಂದೇನೂ ತಪ್ಪಿಲ್ಲಂತ."

ಅವನು ತುತ್ತು ಮುರಿಯುತ್ತಿದ್ದವನು ನಿಲ್ಲಿಸಿದ.

"ನಾ ಅವತ್ತ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡ ಯಪ್ಪಾ. ಉಣ್ಣು." ಅಷ್ಟು ಹೇಳಿ ಒಲೆಯ ಕಡೆಗೆ ತಿರುಗಿಬಿಟ್ಟಳು.

ಸತ್ಯವ್ವ ನೀರಿನ ತಂಬಿಗೆ ಇಡುವ ನೆವದಲ್ಲಿ ಅವನ ಪಕ್ಕ ಕುಳಿತಳು. "ಕೂಸಿಗೆ ನೋವಾಗಿಲ್ಲಂತ," ಎಂದಳು. "ಅದಕ್ಕ ಏನೂ ಗೊತ್ತಾಗಿಲ್ಲಂತ."

ಸಾಬಣ್ಣ ತಲೆ ತಗ್ಗಿಸಿದ. ಎಡಗೈಯಿಂದ ಮುಖ ಮುಚ್ಚಿಕೊಂಡ. ಬಲಗೈಯಲ್ಲಿ ರೊಟ್ಟಿಯ ತುಣುಕು ಹಾಗೇ ಇತ್ತು. "ಮಣ್ಣು ಹಾಕೂಮುಂದ, ಅದಕ್ಕ ಎಷ್ಟು ನೋವಾಗಿತ್ತೋ ಅಂತ ನನಗ ಅನಸ್ತಿತ್ತು," ಎಂದ. ಆಮೇಲೆ ಉಂಡ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಅಡುಗೆಮನೆಯ ಕತ್ತಲಲ್ಲಿ ಹುಲಿಗೆವ್ವ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಹೆಣ್ಣು ಕೂಸು ಅದೇ ದವಾಖಾನೆಯಲ್ಲಿ ಹುಟ್ಟಿತು. ತಲೆತುಂಬ ಕಪ್ಪು ಕೂದಲು, ಹಿಡಿಯಲ್ಲಿ ಹಿಡಿಯುವಷ್ಟು. ಮನೆಗೆ ಹೊರಡುವ ದಿನ ಹುಲಿಗೆವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದು ಅಬೇದಾರ ಮುಂದೆ ಹಿಡಿದಳು. ಕೇರಿಯ ಮನೆಯ ರೊಟ್ಟಿ ಇವರು ತಗೊಳ್ಳುತ್ತಾರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಅಬೇದಾ ನಿಂತಲ್ಲೇ ಗಂಟು ಬಿಚ್ಚಿ, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. "ಎಳ್ಳು ಚಲೋ ಹುರದೀರಿ," ಎಂದರು. ಹುಲಿಗೆವ್ವ ಹೇಳಬೇಕೆಂದಿದ್ದ ಮಾತೆಲ್ಲ ಮರೆತು, ಬರೀ ಕೈ ಮುಗಿದಳು.

ಮನೆಗೆ ಬಂದ ಮರುದಿನ ಎರೆಯಲು ನೀರು ಕಾಯಿಸಿದ್ದರು. ಹುಲಿಗೆವ್ವ ಕಾಲು ಚಾಚಿ ಕುಳಿತು, ಮೊಮ್ಮಗಳನ್ನು ಕಾಲುಗಳ ನಡುವೆ ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆಯನ್ನು ಅಂಗೈಯಲ್ಲಿ ತೆಗೆದುಕೊಂಡು ನೆತ್ತಿಗೆ ಇಟ್ಟಳು. ಸಾಬಣ್ಣ ಕೆಲಸಕ್ಕೆ ಹೊರಟವನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ.

"ಬಾ ಇಲ್ಲಿ," ಎಂದಳು ಅವಳು. "ಕೈ ತಾ. ಹಗೂರ ಇಡು. ಇನ್ನೂ ಮೆತ್ತಗೈತಿ."

ಅವನು ಬೂಟು ಕಳಚಿ ಒಳಗೆ ಬಂದು ಕುಕ್ಕರುಗಾಲಿನಲ್ಲಿ ಕುಳಿತ. ಹಾರೆ ಹಿಡಿದು ದಡ್ಡುಗಟ್ಟಿದ ಬೆರಳುಗಳನ್ನು ಎಣ್ಣೆ ಹೊಳೆಯುವ ಆ ಜಾಗದ ಮೇಲೆ ಇಟ್ಟ. ಕೂಸು ಒಮ್ಮೆ ಸೀನಿ ಸುಮ್ಮನಾಯಿತು. ಬೆರಳ ಕೆಳಗೆ ನೆತ್ತಿ ಮೆಲ್ಲಗೆ ಏರುತ್ತ, ಇಳಿಯುತ್ತ, ಮತ್ತೆ ಏರುತ್ತಿತ್ತು.